ಮನೆಗೊಂದೇ ಬುರ್ಖಾ

"ಖಾಜೂ...!"

ಚನ್ನಗಿರಿ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ, ಬೆನ್ನ ಹಿಂದೆ ಆ ಕೂಗು ಕೇಳಿದ್ದೇ, ನೆಂಟರ ಮನೆಗೆ ಬಂದು ಊರಿಗೆ ಹೊರಟಿದ್ದ ಜೈನಬಿಯ ಕಾಲು ನಿಂತಲ್ಲೇ ನಿಂತಿತು.

ಅದು ಸತ್ತ ಅಕ್ಕನ ಹೆಸರು. ಖಾಜಂಬಿಯನ್ನು ಹಾಗೆ ಕರೆಯುತ್ತಿದ್ದವನು ಒಬ್ಬನೇ.

ತಿರುಗಿ ಮುಖದ ಪರದೆ ಎತ್ತಿದಳು. ಎದುರಿಗೆ ಗೌಸ್‌ಪೀರ, ಅಕ್ಕನ ಗಂಡ. ಹೆಗಲ ಮೇಲೆ ಹತ್ತಿ ಹಿಂಜುವ ಬಿಲ್ಲು, ಮೀಸೆಗೆ ಅಂಟಿದ ಹತ್ತಿಯ ಎಳೆ. ಅವನ ಮದುವೆಯಲ್ಲಿ ಅವಳಿನ್ನೂ ಲಂಗದ ಹುಡುಗಿ. ಆಮೇಲೆ ಭಾವ ಬಂದಾಗಲೆಲ್ಲ ಬಾಗಿಲ ಮರೆ. ಹೀಗೆ ಎದುರುಬದುರು ನಿಂತದ್ದು ಇದೇ ಮೊದಲು.

ಅವನ ಕಣ್ಣು ಅವಳ ಮುಖದ ಮೇಲೆ ನಿಂತಿತು. ಒಂದು ಗಳಿಗೆ... ಆಮೇಲೆ ಮುಖದ ಕಳೆಯೇ ಇಳಿದುಹೋಯಿತು. ತಿರುಗಿ ಜನರೊಳಗೆ ನಡೆದುಬಿಟ್ಟ.

'ಅಕ್ಕ ಅಲ್ಲ ಅಂತ ಗೊತ್ತಾದ ಮೇಲೆ, ನಾನು ಯಾರಾದರೇನು?'

ಅವನ ತಪ್ಪೂ ಅಲ್ಲ ಅದು. ತವರೂರು ಜಗಳೂರಿನ ಪಿಂಜಾರರ ಓಣಿಯಲ್ಲಿ ತಲೆಯ ಮೇಲೆ ಸೆರಗಿದ್ದರೆ ಸಾಕಿತ್ತು. ಬಾವಿಗೂ ಅದೇ, ಹೊಲಕ್ಕೂ ಅದೇ. ಬಸ್ಸು ಹತ್ತಿ ಪರವೂರಿಗೆ ಹೊರಟರೆ ಮಾತ್ರ ವಯಸ್ಸಿನ ಹೆಣ್ಣುಮಕ್ಕಳಿಗೆ ಬುರ್ಖಾ. ಆಗ, ಎಪ್ಪತ್ತೆಂಟನೇ ಇಸವಿಯ ಸುಮಾರಿಗೆ, ಅದೂ ಮನೆಗೊಂದೇ. ಅವ್ವ ಇಮಾಮವ್ವನ ಅಳತೆಗೆ ಹೊಲಿಸಿದ್ದು, ಮಕ್ಕಳಿಗೆ ಉದ್ದ. ಅಕ್ಕ ಎಡಗೈಯಲ್ಲಿ ಅಂಚು ಎತ್ತಿ ಹಿಡಿದು ನಡೆಯುತ್ತಿದ್ದಳು. ಈಗ ಜೈನಬಿಯೂ ಅಷ್ಟೇ; ಹಿಂದಿನಿಂದ ನೋಡಿದರೆ ಅಕ್ಕನೇ.

ಮದುವೆಯಲ್ಲಿ ಅಕ್ಕನ ಜತೆ ಚನ್ನಗಿರಿಗೆ ಹೋದ ಬುರ್ಖಾ, ಹೆರಿಗೆಗೆಂದು ಅವಳ ಜತೆಯಲ್ಲೇ ತವರಿಗೆ ಬಂತು. ಖಾಜಂಬಿ ಹೆರಿಗೆಯಲ್ಲಿ ಕಣ್ಣು ಮುಚ್ಚಿದಳು, ಕೂಸೂ ಉಳಿಯಲಿಲ್ಲ. ಅವಳ ಸೀರೆಗಳನ್ನೆಲ್ಲ ಬಡವರಿಗೆ ಕೊಟ್ಟರು. ಬುರ್ಖಾ ಮಾತ್ರ ಗೂಟದಲ್ಲಿ ಉಳಿಯಿತು. ಗಾಳಿ ಬಂದರೆ ಒಳಗೆ ಯಾರೋ ಉಸಿರಾಡಿದಂತೆ ಅಲುಗುತ್ತಿತ್ತು.

ಬಸ್‌ಸ್ಟ್ಯಾಂಡಿನ ಆ ದಿನ ಕಳೆದು, ಶೇಂಗಾ ಕೀಳುವ ಹೊತ್ತಿಗೆ ಚನ್ನಗಿರಿಯಿಂದ ಮಾತು ಬಂತು.

"ನಿನ್ನ ಕೇಳ್ಯಾನೆ ಕಣೇ," ಎಂದಳು ಇಮಾಮವ್ವ. "ಅಕ್ಕ ಬಾಳಿದ ಮನೆ. ಹೊರಗಿನೋನಲ್ಲ, ನಮ್ಮೋನೇ."

"ನನ್ನ ಕೇಳಿಲ್ಲವ್ವ, ಆ ಬುರ್ಖಾನ ಕೇಳ್ಯಾನೆ. ಗೂಟದ ಸಮೇತ ಕಿತ್ತು ಕಳಿಸಿಬಿಡು!"

"ನಿನ್ ಬಾಯಿಗೆ ಮಣ್ಣಾಕ!"

ಬೇಡ ಎಂದು ಹೇಳಿ ಕಳಿಸಿದ್ದಾಯಿತು. ಆದರೂ ಆ ಒಂದು ಗಳಿಗೆಯ ನೋಟ ಅವಳನ್ನು ಬಿಡಲಿಲ್ಲ. ಅದು ತನಗೆ ಬಂದದ್ದೋ... ಸತ್ತವಳಿಗೋ?

ಒಂದು ಮಧ್ಯಾಹ್ನ ಗೌಸ್‌ಪೀರನೇ ಬಂದ. ಜೈನಬಿ ತಲೆಯ ಮೇಲೆ ಸೆರಗು ಹೊದ್ದು ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು.

ಪಕ್ಕದ ಮನೆಯ ಅಂಜಮ್ಮ ಗೋಡೆಯಾಚೆಯಿಂದ ಇಣುಕಿದಳು. "ಏನೇ ಜೈನೂ, ನಿಮ್ಮ ಭಾವ ಗಾದಿ ಹೊಲಿಯಾಕೆ ಬಂದಾನೋ, ಹೆಣ್ಣು ಕರ್ಕೊಂಡು ಹೋಗಾಕೆ ಬಂದಾನೋ?"

"ನಿಮ್ಮ ಒಲೆ ಮ್ಯಾಲೆ ಸಾರು ಉಕ್ತೈತೆ, ನೋಡ್ಹೋಗಕ್ಕ!"

ಅಂಜಮ್ಮ ನಗುತ್ತ ಮರೆಯಾದಳು. ಗೌಸ್‌ಪೀರ ಕಟ್ಟೆಯ ತುದಿಗೆ ಕೂತ.

"ಬ್ಯಾಡ ಅಂದ್ಯಂತೆ."

"ಹೂಂ. ಅವತ್ತು ಮುಖ ನೋಡಿ ಓಡಿಹೋದೋರು, ಈಗ್ಯಾಕೆ ಬಂದ್ರಿ? ಅಕ್ಕ ಇಲ್ಲಿಲ್ಲ ಭಾವ. ಖಬರಸ್ತಾನದಾಗೆ ಅದಾಳೆ."

"ಅವಳಲ್ಲ ಅಂತ ಓಡಲಿಲ್ಲ ಜೈನಬಿ."

"ಮತ್ತೆ?"

ಅವನು ಕಟ್ಟೆಯ ಮೇಲೆ ಬಿದ್ದಿದ್ದ ಶೇಂಗಾ ಸಿಪ್ಪೆಯೊಂದನ್ನು ಎತ್ತಿ ಬೆರಳಲ್ಲಿ ಪುಡಿಮಾಡಿದ.

"ಅವಳು ಹೋದಾಗಿಂದ ಯಾವ ಬುರ್ಖಾ ಕಂಡರೂ ಹಿಂದೆ ಹೋಗೋನು. ಜನ ಹುಚ್ಚ ಅಂದ್ರು. ನೀನು ಪರದೆ ಎತ್ತಿದೆ ನೋಡು... ಅವಳು ಮರೆತೇಹೋದಳು. ಒಂದು ಗಳಿಗೆ ನಿನ್ನ ಮುಖ ಬಿಟ್ಟು ಬ್ಯಾರೆ ಏನೂ ಇರಲಿಲ್ಲ. ಅದಕ್ಕೇ ಹೆದರಿ ಓಡಿದೆ."

ಜೈನಬಿಯ ಕೈಯಲ್ಲಿದ್ದ ಶೇಂಗಾಕಾಯಿ ಒಡೆಯಲೇ ಇಲ್ಲ. ಕಣ್ಣು ತುಂಬಿ ಬಂತು.

"ನಾನೂ ಹೆದರೀನಿ," ಎಂದಳು. "ಅವತ್ತು ಅವಳು ತೊಟ್ಟಿದ್ದು ತೊಟ್ಟು, ಅವಳ ಗಂಡನ್ನ ನೆನೆಸ್ಕೊಂಡು ಊರಿಗೆ ಬಂದೆ. ದಾರಿ ಪೂರಾ ಹಿಂದಿನ ಸೀಟಾಗೆ ಅಕ್ಕ ಕುಂತಂಗಿತ್ತು. ತಿರುಗಿ ನೋಡಾಕೆ ಧೈರ್ಯ ಬರಲಿಲ್ಲ."

ಅವನು ತಲೆಯೆತ್ತಿ ನೋಡಿದ. ಈ ಸಲ ಕಣ್ಣು ಕೀಳಲಿಲ್ಲ.

"ಅವಳನ್ನ ಮರೀಬ್ಯಾಡ್ರಿ," ಎಂದಳು. "ನಿಮಗೆ ಹೆಂಡ್ತಿ ಆಗೋಕೆ ಮುಂಚೆ ನನಗೆ ಅಕ್ಕ ಆಗಿದ್ಲು."

"ಮನೆ ತುಂಬ ಅವಳೇ ಅದಾಳೆ. ಹೆಂಗೆ ಬಾಳ್ತೀಯ?"

"ಸಣ್ಣೋರಿದ್ದಾಗ ಇಬ್ಬರೂ ಒಂದೇ ಕೌದಿಯಾಗೆ ಮಲಗ್ತಿದ್ವಿ. ಜಾಗ ಬಿಟ್ಟು ಮಲಗಾಕೆ ನನಗೆ ಬರ್ತೈತೆ..." ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಬೆಳಗಾಗೋತನಕ ನನಗೆ ಒದೀತಿದ್ಲು!"

ಗೌಸ್‌ಪೀರನ ಮುಖದಲ್ಲಿ ನಿಧಾನವಾಗಿ ನಗು ಮೂಡಿತು.

"ನನಗೂ," ಎಂದ.