ಎರಡು ಹಲ್ಲಿನ ಕಟರ್

ಅಫ್ರೀನ ಅಲ್ಯೂಮಿನಿಯಂ ಬಿಲ್ಲೆಯನ್ನು ಮೇಜಿನ ಗಾಜಿನ ಮೇಲಿಟ್ಟು ಒಂದು ಅಂಚನ್ನು ಬೆರಳಿನಿಂದ ಒತ್ತಿದಳು. ಟಕ್. ಎದುರಿನ ಅಂಚನ್ನು ಒತ್ತಿದಳು. ಟಕ್.

“ಏನ್ರಿ ಅಲ್ತಾಫ, ಬಿಲ್ಲಿ ಮಾಡೀರೋ, ಹಪ್ಪಳಾ ಕರದೀರೋ?”

ಲೋಹ ಕೊರೆಯುವ ಮಿಲ್ಲಿಂಗ್ ಮಷಿನ್ನಿನ ಮುಂದೆ ನಿಂತಿದ್ದ ಕೆಲಸಗಾರ ಅಲ್ತಾಫ ನಗಲಿಲ್ಲ. ನಗುವಷ್ಟು ತ್ರಾಣ ಇಬ್ಬರಲ್ಲೂ ಉಳಿದಿರಲಿಲ್ಲ. ರೋಣದಲ್ಲಿ ಆ ವಾರ ಕರೆಂಟು ನಸುಕಿಗೆ ಬಂದು ಮಧ್ಯಾಹ್ನಕ್ಕೆ ಹೋಗುತ್ತಿತ್ತು. ಅದರ ಬೆನ್ನು ಹತ್ತಿ ನಿದ್ದೆಗೆಟ್ಟು ಇಬ್ಬರ ಕಣ್ಣೂ ಕೆಂಪಾಗಿದ್ದವು.

ಮೇಜಿನ ಮೇಲಿದ್ದದ್ದು ಬಿತ್ತುವ ಕೂರಿಗೆಯೊಳಗೆ ತಿರುಗಿ ಕಾಳು ಬಿಡುವ ತೆಳು ಬಿಲ್ಲೆ. ಸ್ವಲ್ಪ ಬಾಗಿದರೂ ಕಾಳು ಸಿಕ್ಕಿಕೊಳ್ಳುತ್ತದೆ. ನರೇಗಲ್ಲಿನ ವ್ಯಾಪಾರಿ ಅಂದಾನಪ್ಪ ಮಧ್ಯಾಹ್ನ ನಮೂನೆ ನೋಡಲು ಬರುವವರಿದ್ದರು. ಅವರು ಒಪ್ಪದಿದ್ದರೆ ವರ್ಕ್‌ಶಾಪ್ ಮುಚ್ಚಿ, ಬಾಗಲಕೋಟೆಯ ಸಂಬಂಧಕ್ಕೆ ಹೂಂ ಅನ್ನುವುದಾಗಿ ಅಫ್ರೀನಳ ಅಪ್ಪ ಕಾಶೀಂಸಾಬ ಹೇಳಿಬಿಟ್ಟಿದ್ದರು. ಮದುವೆ ಮುರಿದು ಬಂದ ಮಗಳು ಎಷ್ಟು ದಿನ ಮಷಿನ್ನಿನ ಎಣ್ಣೆಯಲ್ಲಿ ಕೈ ಅದ್ದಿರಬೇಕು ಎಂಬುದು ಅವರ ಸಂಕಟ.

“ವೈಸಿನ ದವಡ್ಯಾಗ ಬಿಗದಾಗ ನೆಟ್ಟಗ ಇರ್ತೈತ್ರಿ,” ಎಂದ ಅಲ್ತಾಫ. “ಬಿಚ್ಚಿದ ಕೂಡ್ಲೆ ಬಾಗ್ತೈತಿ.”

“ನನ್ನಂಗ,” ಎಂದಳು ಅಫ್ರೀನ. “ಆ ಮನ್ಯಾಗೂ ಎಲ್ಲಾರೂ, ಹುಡುಗಿ ಭಾಳ ನೆಟ್ಟಗದಾಳ ಅಂತಿದ್ರು.”

ಅವನ ನೋಟ ಅವಳ ಮುಖದವರೆಗೆ ಬಂದಿತು. ಆಮೇಲೆ ಎಂದಿನಂತೆ ಕೆಳಗಿಳಿದು, ಅವಳ ದುಪಟ್ಟಾದ ಅಂಚಿಗೆ ಅಂಟಿದ್ದ ಲೋಹದ ಚೂರಿನ ಮೇಲೆ ನಿಂತಿತು.

ಅವಳು ಮಷಿನ್ನಿನ ಬಳಿ ಹೋಗಿ ಕಟರಿನ ಹತ್ತಿರ ಬಾಗಿದಳು. ಹುಬ್ಬಳ್ಳಿಯಿಂದ ಅವಳೇ ಆರಿಸಿ ತಂದ ನಾಲ್ಕು ಹಲ್ಲಿನ ಕಟರ್. ಹಲ್ಲು ಹೆಚ್ಚಿದ್ದರೆ ಕೆಲಸ ನುಣುಪು ಎಂದುಕೊಂಡಿದ್ದಳು.

“ಸಂದ್ಯಾಗೆಲ್ಲ ಅಲ್ಯೂಮಿನಿಯಂ ಮೆತ್ಗೊಂಡೈತಿ. ಚೂರು ಹೊರಗ ಬರಾಕ ಜಾಗಾನ ಇಲ್ಲ. ಕೊರ್ಯೂದು ಬಿಟ್ಟು ತಿಕ್ಕಾಕತ್ತೈತಿ. ಬಿಸಿ ಆಗಿ ಬಾಗದ ಮತ್ತೇನ್ ಮಾಡ್ತೈತಿ?” ತಟ್ಟನೆ ತಲೆಯೆತ್ತಿದಳು. “ನಿಮಗ ಗೊತ್ತಿತ್ತು, ಹೌದಿಲ್ಲ?”

ಅವನು ಒರೆಸಿದ್ದ ಹಿಡಿಕೆಯನ್ನೇ ಮತ್ತೆ ಒರೆಸತೊಡಗಿದ.

“ಅಲ್ತಾಫ.”

“ಅಷ್ಟು ಖುಷಿಲೆ ತಂದಿದ್ರಿ. ಹ್ಯಾಂಗ ಬ್ಯಾಡ ಅನ್ಲಿ?”

“ನನ್ನ ಖುಷಿ ಸಲುವಾಗಿ ನನ್ನ ಬಾಗಲಕೋಟಿಗೆ ಕಳಸಾವ್ರಿದ್ರಿ!”

ಅವನು ತನ್ನ ಡಬ್ಬಿಯಿಂದ ಎಣ್ಣೆ ಬಟ್ಟೆಯಲ್ಲಿ ಸುತ್ತಿದ್ದ ಕಟರ್ ತೆಗೆದ. ಎರಡೇ ಹಲ್ಲು, ಹೊಸ ಅಂಚು.

“ಇದನ್ನ ಯಾವಾಗ ತಂದ್ರಿ?”

“ನೀವು ಅದನ್ನ ತಂದ ಮರುದಿನ.”

ಅವಳಿಗೆ ಸಿಟ್ಟೂ ನಗುವೂ ಒಟ್ಟಿಗೆ ಬಂದವು. ನಕ್ಕಳು, ಆ ವಾರದಲ್ಲಿ ಮೊದಲ ಸಲ.

“ವೈಸಿನಾಗ ಹಿಂಡೂದೂ ಬ್ಯಾಡ,” ಎನ್ನುತ್ತ ಎರಡೂ ಬದಿ ಅಂಟುವ ಟೇಪ್ ತಂದಳು. ದಪ್ಪ ಉಕ್ಕಿನ ಹಲಗೆಯ ಮೇಲೆ ಹೊಸ ತಗಡನ್ನು ಅಂಟಿಸಿದರು. ಅವನು ಕಟರನ್ನು ಹಗುರವಾಗಿ ಓಡಿಸಿದ; ಅವಳು ಬ್ರಷ್ಷಿನಿಂದ ಚೂರು ಸರಿಸಿದಳು. ಒಂದು ಮಗ್ಗುಲಿಗೆ ತೆಗೆದಷ್ಟನ್ನೇ, ತಗಡು ತಿರುವಿ, ಇನ್ನೊಂದು ಮಗ್ಗುಲಿಗೂ ತೆಗೆದರು. ಕೊನೆಗೆ ಅಂಚಿಗೆ ಸೀಮೆಎಣ್ಣೆ ಬಿಟ್ಟು, ಟೇಪು ತಾನಾಗಿ ಸಡಿಲಾಗಲೆಂದು ಕಾದರು. ಇಬ್ಬರೂ ಗೋಡೆಗೊರಗಿ ಕೂತರು. ಭುಜಕ್ಕೆ ಭುಜ ತಾಗಿತು. ಸರಿದು ಕೂರಲು ಇಬ್ಬರಿಗೂ ದಣಿವು ಅಡ್ಡ ಬಂತು, ಅಥವಾ ಹಾಗೆಂದುಕೊಂಡರು.

ಬಿಲ್ಲೆಯನ್ನು ಗಾಜಿನ ಮೇಲಿಟ್ಟು ಅಫ್ರೀನ ಸುತ್ತಲೂ ಒತ್ತಿ ನೋಡಿದಳು. ಸದ್ದಿಲ್ಲ.

ಅಲ್ತಾಫ ಎರಡನೇ ತಗಡಿಗೆ ಮಷಿನ್ ಹಚ್ಚಿದ. ಆ ಗದ್ದಲದ ಮರೆಯಲ್ಲಿ ಅವನಿಗೆ ಧೈರ್ಯ ಬಂದಿರಬೇಕು.

“ನಿಮ್ಮ ಅಬ್ಬಾಗ ಒಂದು ಮಾತು ಕೇಳಬೇಕಂತ ಮಾಡೀನಿ!”

“ಮೊದ್ಲ ನನ್ನ ಕೇಳ್ರಿ!”

“ನೀವು ಬ್ಯಾಡ ಅಂದ್ರ?”

“ಬ್ಯಾಡ ಅನ್ನಾಕ ನನಗ ಬರ್ತೈತಿ. ನಿಮ್ಮಂಗಲ್ಲ. ಕೇಳ್ರಿ!”

ಅವನು ಉಸಿರೆಳೆದು ಕೂಗಿದ. ಅದೇ ಗಳಿಗೆಗೆ ಕರೆಂಟು ಹೋಯಿತು.

“ನನ್ನ ಲಗ್ನ ಆಗ್ತೀರೇನ್ರಿ?”

ಮಾತು ತಗಡಿನ ಸೂರಿಗೆ ಬಡಿದು ನಿಂತಿತು. ಬಾಗಿಲಲ್ಲಿ ಕಾಶೀಂಸಾಬ, ಅವರ ಹಿಂದೆ ಅಂದಾನಪ್ಪ.

“ಹೂಂ,” ಎಂದಳು ಅಫ್ರೀನ, ಮೆಲ್ಲಗೆ.

ಕಾಶೀಂಸಾಬ ಇಬ್ಬರನ್ನೂ ನೋಡಲಿಲ್ಲ. ಮೇಜಿನ ಬಳಿ ಬಂದು ಬಿಲ್ಲೆಯ ಅಂಚು ಒತ್ತಿದರು, ಎದುರಿನ ಅಂಚನ್ನೂ ಒತ್ತಿದರು. ಸದ್ದಿಲ್ಲ. ಅಂದಾನಪ್ಪನವರೂ ಒತ್ತಿ ನೋಡಿ ತಲೆಯಾಡಿಸಿದರು.

“ಬಾಗಲಕೋಟಿಯವ್ರಿಗೆ,” ಎಂದರು ಕಡೆಗೆ, “ನಾನ ಫೋನ್ ಮಾಡಿ ಬ್ಯಾಡ ಅಂತೀನಿ. ಬ್ಯಾಡ ಅನ್ನೂದು ಇವನ ಕಡಿಂದ ಆಗೂದಿಲ್ಲ.”