ಕರೆಯುವ ಮೊದಲೇ

"ಸರ್, ಒಂದು ಪ್ರಶ್ನೆ ಅದ," ಎಂದು ಸುಹಾಸಿನಿ ಎದ್ದು ನಿಂತಾಗ ಜಮಖಂಡಿಯ ಆ ಕಾಲೇಜಿನ ಸಭಾಂಗಣದಲ್ಲಿ ಅರ್ಧ ಜನ ಆಗಲೇ ಚಹಾದ ಕಡೆ ಮುಖ ಮಾಡಿದ್ದರು.

ವೇದಿಕೆಯ ಮೇಲಿದ್ದವನು ಪ್ರಥಮೇಶ. ಬೀಳಗಿ ಕಡೆಯ ಮನೆತನ. ಈಗ ದಿಲ್ಲಿಯಲ್ಲಿ ಭದ್ರತಾ ನೀತಿಯನ್ನು ಅಭ್ಯಾಸ ಮಾಡುವ ಸಂಸ್ಥೆಯೊಂದರಲ್ಲಿ ಕೆಲಸ. ಸೈನಿಕ ಮೈತ್ರಿಕೂಟಗಳ ಭವಿಷ್ಯವೇನು ಎಂಬುದರ ಮೇಲೆ ಒಂದು ತಾಸು ಮಾತಾಡಿದ್ದ. ಒಬ್ಬರ ಮೇಲೆ ದಾಳಿಯಾದರೆ ಎಲ್ಲರ ಮೇಲೂ ದಾಳಿಯಾದಂತೆ ಎಂಬ, ಪಶ್ಚಿಮದ ದೇಶಗಳ ಅಟ್ಲಾಂಟಿಕ್ ಒಪ್ಪಂದದ ಮಾತನ್ನು ಬಹಳ ಚೆಂದಾಗಿ ವಿವರಿಸಿದ್ದ.

"ಮುಂದಿನ ಸಾಲು ನೀವು ಓದಲಿಲ್ಲ," ಎಂದಳು ಸುಹಾಸಿನಿ. ಅದೇ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವವಳು ಅವಳು. "ಪ್ರತಿ ದೇಶ ತನಗ ಅಗತ್ಯ ಅನಿಸಿದ್ದನ್ನ ಮಾಡ್ತದ ಅಂತ ಅದ ಅಲ್ಲಿ. ಸೈನ್ಯ ತಗೊಂಡು ಬಂದೇ ಬರ್ತೀವಿ ಅಂತ ಎಲ್ಲೂ ಬರೆದಿಲ್ಲ. ಹಂಗಾರ ಕರೆದಾಗ ಬರ್ತಾರ ಅಂತ ಹೆಂಗ ನಂಬೂದ್ರಿ?"

ಪ್ರಥಮೇಶ ಕನ್ನಡಕ ತೆಗೆದು ಅವಳನ್ನು ನೋಡಿದ. ಕನ್ನಡಕವಿಲ್ಲದೆ ಅವನಿಗೆ ಅವಳ ಮುಖ ಕಾಣುತ್ತಿತ್ತೋ ಇಲ್ಲವೋ, ನೋಟ ಮಾತ್ರ ಅಲ್ಲೇ ನಿಂತಿತು. "ಕರೆದು ನೋಡೂತನಕ ಗೊತ್ತಾಗೂದಿಲ್ರಿ, ಮೇಡಂ."

"ಅಷ್ಟೊತ್ತಿಗೆ ಊರು ಹೋಗಿರ್ತದಲ್ರಿ, ಸರ್."

ಸಭೆ ನಕ್ಕಿತು. ಅವನೂ ನಕ್ಕ. ನಗುವಾಗ ಒಂದು ಹುಬ್ಬು ಮಾತ್ರ ಮೇಲೇರುವುದನ್ನು ಸುಹಾಸಿನಿ ಕಂಡಳು. ಕಂಡದ್ದಕ್ಕೆ ತನ್ನ ಮೇಲೆಯೇ ಸಿಟ್ಟಾದಳು.

ಚಹಾದ ಹೊತ್ತಿಗೆ ಅವನು ತಾನಾಗಿ ಹತ್ತಿರ ಬಂದ. "ಅದು ಬರೇ ಒಪ್ಪಂದದ ಪ್ರಶ್ನೆ ಅಲ್ಲ," ಎಂದ ಮೆಲ್ಲಗೆ. "ನೀವು ಯಾರನ್ನೋ ಕರೆದಿದ್ರಿ. ಅವರು ಬರಲಿಲ್ಲ."

ಅಪರಿಚಿತನಿಗೆ ಹೇಳುವ ಮಾತಲ್ಲ. ಆದರೂ ಅವಳು ಹೇಳಿದಳು. ಎರಡು ವರ್ಷದ ಹಿಂದೆ, ಸಂಧ್ಯಾವಂದನೆಗೆ ಕೂತಿದ್ದ ಅಪ್ಪ ಹಾಗೆಯೇ ಪಕ್ಕಕ್ಕೆ ವಾಲಿದರು. ಅಣ್ಣನಿಗೆ, ಕಾಕಾನಿಗೆ, ಮಗ್ಗುಲ ಮನೆಯವರಿಗೆ ಅವಳು ಫೋನು ಮಾಡಿದಳು. ಎಲ್ಲ ಫೋನುಗಳೂ ರಿಂಗಾದವು. ಯಾರೂ ಎತ್ತಲಿಲ್ಲ. ಆಮೇಲೆ ಎಲ್ಲರ ಬಳಿಯೂ ಕಾರಣವಿತ್ತು. ಅಂದು ಹೊತ್ತಿಗೆ ಸರಿಯಾಗಿ ಬಂದವನು ಭಗವಂತನೊಬ್ಬನೇ. ಅಪ್ಪನನ್ನು ಕರೆದುಕೊಂಡು ಹೋಗಲಿಕ್ಕೆ.

ಪ್ರಥಮೇಶ ಸಮಾಧಾನದ ಮಾತು ಆಡಲಿಲ್ಲ. "ನನ್ನನ್ನ ಒಮ್ಮೆ ಕರೆದು ನೋಡ್ರಿ," ಎಂದ.

"ಹುಡುಗಾಟಕ್ಕ ಕರಿಯೂದಿಲ್ಲ ನಾ. ಖರೇನ ಬೇಕಾದಾಗ ಕರೀತೀನಿ. ಅದೂ ಒಮ್ಮೆ ಅಷ್ಟ."

ಮುಂದೆ ದಿನವೂ ಅವನ ಫೋನು ಬಂತು. "ಇವತ್ತು ಯಾವ ದೇಶ ಯಾರಿಗೆ ಕೈ ಕೊಡ್ತು?" ಎಂದು ಅವಳು ಕೇಳುವಳು. "ಇವತ್ತು ರವಿವಾರ. ಎಲ್ಲಾರೂ ನಿಷ್ಠಾವಂತರ," ಎಂದು ಅವನು ಹೇಳುವನು. ಅವಳು ಎಷ್ಟೋ ದಿನದ ಮೇಲೆ ಒಬ್ಬಳೇ ನಗುವುದನ್ನು ಒಳಗಿನಿಂದ ವಂದನಾ ಆತ್ಯಾ ಕೇಳಿಸಿಕೊಳ್ಳುವರು. ಅಪ್ಪನ ತಂಗಿ ಅವರು. ಈಗ ಆ ಮನೆಯಲ್ಲಿ ಇವರಿಬ್ಬರೇ.

ಕಾರ್ತಿಕದಲ್ಲಿ ಪ್ರಥಮೇಶ ಬಂದ. ಬ್ರಸೆಲ್ಸಿನಲ್ಲಿ, ಆ ಮೈತ್ರಿಕೂಟದ ಕೇಂದ್ರ ಕಚೇರಿ ಇರುವ ಊರಿನಲ್ಲಿ, ಮೂರು ವರ್ಷದ ಕೆಲಸ ಅವನಿಗೆ ಸಿಕ್ಕಿತ್ತು. ಹೋಗುವ ಮುನ್ನ ಮದುವೆಯ ಮಾತು ಎತ್ತಿದ. ಸುಹಾಸಿನಿ ಇನ್ನೂ ಹೂಂ ಎನ್ನಲಿಲ್ಲ.

"ನಮ್ಮ ಹಳೀ ಮನಿ ತೋರಸ್ತೀನಿ ಬರ್ರಿ," ಎಂದ ಅವನು. ಅನಗವಾಡಿಯ ಹತ್ತಿರ, ಕೃಷ್ಣೆಯ ಅಣೆಕಟ್ಟಿನ ಹಿನ್ನೀರಿನ ತಳದಲ್ಲಿ ಅವನ ಅಜ್ಜನ ಮನೆಯಿತ್ತು, ದೇವರಮನೆ ಸಮೇತ. ಪ್ರತಿ ಕಾರ್ತಿಕದಲ್ಲಿ ಮನೆಯವರು ಯಾರಾದರೂ ಬಂದು ಅದರ ಮೇಲಿನ ನೀರಿನಲ್ಲಿ ಒಂದು ದೀಪ ಬಿಡಬೇಕು.

ಆತ್ಯಾ ಸೇರಿ ಮೂವರೂ ಹೋದರು. ಸೂರ್ಯ ಮುಳುಗಿ ಬೆಳಕಿನ್ನೂ ಉಳಿದ ಹೊತ್ತು. ನೀರಿನ ಮೇಲೆ ಮಂಜು ಹಾಸಿತ್ತು. ಒಂದು ಹಕ್ಕಿಯ ದನಿಯೂ ಇರಲಿಲ್ಲ. ಪ್ರಥಮೇಶ ದೀಪ ಹಿಡಿದು ಒಬ್ಬನೇ ಇಳಿದುಹೋದ. ಅವನು ಬಿಟ್ಟ ದೀಪ ಗಾಳಿಗೆ ಎದುರಾಗಿ, ಒಳಗೆ ಒಳಗೆ ಹೋಗುವುದನ್ನು ಸುಹಾಸಿನಿ ಕಾರಿನ ಬಳಿ ನಿಂತು ನೋಡಿದಳು.

ಆಗಲೇ, ನೀರಿಗೆ ಹತ್ತಿರದ ಇಳಿಜಾರಿನಲ್ಲಿ ನಿಂತಿದ್ದ ಆತ್ಯಾ ಜಾರಿ ಬಿದ್ದರು. ಕೆಸರಿನಲ್ಲಿ ಕಾಲು ಮಡಚಿಕೊಂಡಿತು, ಉಸಿರೇ ಬರಲೊಲ್ಲದು. ಅಪ್ಪ ವಾಲಿದ ಗಳಿಗೆ ಸುಹಾಸಿನಿಯ ಕಣ್ಣಿಗೆ ಕಟ್ಟಿತು.

"ಪ್ರಥಮೇಶ!"

ಅವನಿಗೆ ಕೇಳಿಸಿತು. ಅವನ ಹೆಗಲು ಬಿಗಿದದ್ದು ಇಲ್ಲಿಂದಲೇ ಕಂಡಿತು. ಅವನು ತಿರುಗಲಿಲ್ಲ. ಓ ಎನ್ನಲಿಲ್ಲ.

ಅವಳು ಮತ್ತೆ ಕರೆಯಲಿಲ್ಲ. ಒಬ್ಬಳೇ ಆತ್ಯಾನನ್ನು ಎಬ್ಬಿಸಿ ಕಾರಿನಲ್ಲಿ ಕೂರಿಸಿದಳು. ಅವನು ಬಂದಾಗ ಮುಖ ಸುಣ್ಣದ ಹಾಗೆ ಬಿಳಿಚಿತ್ತು; ಪ್ಯಾಂಟು ಮೊಣಕಾಲಿನತನಕ ಒದ್ದೆ.

"ನಾ ಕರೆದದ್ದು ಕೇಳಸ್ತೇನ್ರಿ?"

"ಕೇಳಸ್ತು."

"ಆತು, ಬಿಡ್ರಿ," ಎಂದಳು ಸುಹಾಸಿನಿ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಹಿಂದೆ ಮೂವರೂ ಜಮಖಂಡಿಗೆ ಮರಳಿದರು.

ಮರುದಿನ ಮಧ್ಯಾಹ್ನ ಅವನು ಮನೆಗೆ ಬಂದ. ಅವಳು ಬಾಗಿಲಲ್ಲೇ ನಿಂತಳು. "ಕಾರಣ ಹೇಳ್ಲಿಕ್ಕೆ ಬಂದೀರೇನು? ಎಲ್ಲಾರ ಕಡೆನೂ ಇರ್ತದ ಅದು."

"ಕಾರಣ ಅಲ್ಲ. ಆದದ್ದು ಹೇಳ್ತೀನಿ. ನಂಬೂದು ಬಿಡೂದು ನಿಮಗ ಬಿಟ್ಟದ್ದು." ಅವನು ದನಿ ತಗ್ಗಿಸಿದ. "ನೀವು ಮೊದಲು ನೀರಿನ ಕಡೆಯಿಂದ ಕರೆದ್ರಿ."

"ಏನು?"

"ನಿಮ್ಮದ ದನಿ. ನನ್ನ ಹೆಸರು. ದೀಪದ ಆಚೆ ಕಡೆಯಿಂದ. ನಾ ಬಂದೆ ಅಂತ ಅಂದೆ, ಹೆಜ್ಜಿನೂ ಇಟ್ಟೆ. ನೀರು ಮೊಣಕಾಲಿಗೆ ಬಂದಾಗ ಬೆನ್ನ ಹಿಂದಿನಿಂದ ಅದೇ ದನಿ, ಮತ್ತ. ಯಾವುದು ನೀವು ಅಂತ ತಿಳೀಲಿಲ್ಲ. ಕಾಲು ಏಳಲಿಲ್ಲ."

ಸುಹಾಸಿನಿ ನಗಲು ನೋಡಿದಳು. "ಇದನ್ನ ನಿಮ್ಮ ಸೆಮಿನಾರಿನ್ಯಾಗ ಹೇಳ್ರಿ. ಚಪ್ಪಾಳೆ ಹೊಡೀತಾರ."

"ಏ ಹುಚ್ಚಿ, ಸುಮ್ನಿರು," ಎಂದಿತು ಒಳಗಿನಿಂದ ಆತ್ಯಾರ ದನಿ. ಕಾಲಿಗೆ ಪಟ್ಟಿ ಸುತ್ತಿಕೊಂಡು ಅವರು ಮಂಚದ ಮೇಲೆ ಕೂತಿದ್ದರು. "ಆತ ಬಂದೆ ಅಂದದ್ದು ನಾ ಕೇಳೀನಿ. ನೀ ಬಾಯಿನೂ ತಗದಿದ್ದಿಲ್ಲ. ಯಾರಿಗೆ ಅನ್ಲಿಕ್ಕತ್ತಾನ ಅಂತ ನೋಡ್ಲಿಕ್ಕೆ ಹೊಳ್ಳಿದೆ, ಅದಕ್ಕ ಬಿದ್ದೆ. ದೀಪ ಹಚ್ಚೂ ಹೊತ್ತಿನ್ಯಾಗ ಮೊದಲನೇ ಕರೆಗೆ ಓ ಅನಬಾರದು ಅಂತ ನಮ್ಮವ್ವ ಬಡಕೊಳ್ಳತಿದ್ಲು. ಈಗಿನವರಿಗೆ ಯಾರು ಹೇಳಬೇಕು?"

ಸುಹಾಸಿನಿ ಹೊಸ್ತಿಲನ್ನೇ ನೋಡಿದಳು. ನಂಬದಿದ್ದರೆ ಇವನೂ ಆ ಫೋನು ಎತ್ತದವರ ಸಾಲಿಗೆ ಸೇರಿದ. ಅಲ್ಲಿಗೆ ಎಲ್ಲ ಮುಗಿಯಿತು. ನಂಬಿದರೆ?

"ನಡ್ರಿ," ಎಂದಳು. "ನಾನೂ ಕೇಳ್ತೀನಿ."

"ಇಬ್ಬರೂ ಹೊಳ್ಳಿ ಬರ್ರಿ," ಎಂದರು ಆತ್ಯಾ. ಇಬ್ಬರೂ ಎಂಬುದನ್ನು ಒತ್ತಿ ಹೇಳಿದರು.

ದಂಡೆ ಮುಟ್ಟಿದಾಗ ಮತ್ತೆ ಅದೇ ಹೊತ್ತು, ಅದೇ ಮಂಜು. ನೀರು ಉಸಿರು ಹಿಡಿದ ಹಾಗಿತ್ತು. ಇಬ್ಬರೂ ಪಕ್ಕದಲ್ಲಿ, ಒಂದು ಗೇಣು ಬಿಟ್ಟು ನಿಂತರು.

"ಲಿಥುವೇನಿಯಾ ಅಂತ ಒಂದು ಸಣ್ಣ ದೇಶ, ಅದೇ ಕೂಟದ್ದು," ಎಂದ ಪ್ರಥಮೇಶ ಇದ್ದಕ್ಕಿದ್ದಂತೆ. "ಜರ್ಮನಿಯವರು ಅಲ್ಲಿ ತಮ್ಮ ಸೈನ್ಯ ಕಾಯಂ ಇಡ್ಲಿಕ್ಕತ್ತಾರ. ಸಿಪಾಯಿಗಳ ಹೆಂಡರು ಮಕ್ಕಳೂ ಅಲ್ಲೇ ಬಂದು ಇರೂದು. ಕರೆದ ಮ್ಯಾಲೆ ಬರ್ತೀವಿ ಅಂದ್ರ ಆ ಜನಕ್ಕ ನಂಬಿಕಿ ಇಲ್ಲ. ಮೊದಲ ಬಂದು ಇರ್ರಿ, ನಿಮ್ಮ ಮಕ್ಕಳು ನಮ್ಮೂರ ಸಾಲಿಗೆ ಹೋಗ್ಲಿ, ಆವಾಗ ನಂಬ್ತೀವಿ ಅಂತಾರ."

"ಅವತ್ತ ಯಾಕ ಹೇಳಲಿಲ್ಲ ಇದನ್ನ?"

"ಅವತ್ತ ಬರೇ ಓದಿದ್ದೆ. ನಿನ್ನೆ ತಿಳೀತು." ಅವನು ಅವಳತ್ತ ನೋಡಲಿಲ್ಲ. "ಬ್ರಸೆಲ್ಸಿಗೆ ಬರೂದಿಲ್ಲ ಅಂತ ತಿಳಿಸೀನಿ. ಬರಿಯೂ ಕೆಲಸ ಎಲ್ಲಿಂದಾನೂ ಆಗ್ತದ. ನಿಮ್ಮ ಓಣ್ಯಾಗ ಬಾಡಿಗಿಗೆ ಒಂದು ಖೋಲಿ ಹಿಡದೀನಿ."

"ನಾ ಹೂಂ ಅನ್ನೂಕಿಂತ ಮೊದಲ?"

"ಹೂಂ ಅಂದ ಮ್ಯಾಲೆ ಬಂದ್ರ ಅದು ಒಪ್ಪಂದ ಆಗ್ತದ."

ಅವಳು ಏನೋ ಹೇಳಲಿಕ್ಕಿದ್ದಳು.

"ಪ್ರಥಮೇಶ," ಎಂದಿತು ನೀರು.

ಸುಹಾಸಿನಿಯದೇ ದನಿ. ಅದರಲ್ಲಿ ನಿನ್ನೆಯ ಗಾಬರಿಯೂ ಹಾಗೇ ಇತ್ತು. ಅವಳ ತುಟಿಗಳು ಮುಚ್ಚಿಯೇ ಇದ್ದವು. ಅವಳ ಮೈಯ ರೋಮ ಎದ್ದು ನಿಂತವು. ಪ್ರಥಮೇಶ ಅಲುಗಲಿಲ್ಲ.

"ನಾನಲ್ಲ," ಎಂದಳು ಪಿಸುದನಿಯಲ್ಲಿ.

"ಗೊತ್ತದ."

ಮಂಜು ಒಂದಿಷ್ಟು ಸರಿಯಿತು. ಆಮೇಲೆ ಬಂದ ಕರೆ ಅವನಿಗಲ್ಲ.

"ಸುಹಾ... ಏ ಸುಹಾ... ನೀರು ತಾ ಮಗಳೇ."

ಅಪ್ಪನ ದನಿ. ಪೂಜೆಗೆ ಕೂತು, ತಂಬಿಗೆಯಲ್ಲಿ ನೀರು ಮುಗಿದಾಗ ಅವರು ಕರೆಯುತ್ತಿದ್ದ ಹಾಗೆಯೇ, ಕೊನೆಯಲ್ಲಿ ಸಣ್ಣ ಕೆಮ್ಮಿನ ಸಮೇತ. ಎರಡು ವರ್ಷ ಈ ಒಂದು ಕರೆಗಾಗಿ ಅವಳು ದೇವರ ಮುಂದೆ ಅತ್ತಿದ್ದಳು. ಭಯ ಎಲ್ಲಿ ಹೋಯಿತೋ. ಎದೆಯಿಂದ ಓ ಎಂಬುದು ಎದ್ದು ಗಂಟಲಿಗೆ ಬಂತು. ಕಾಲು ತಾನೇ ನೀರಿನ ಕಡೆ ಎದ್ದಿತು.

ಅಷ್ಟರಲ್ಲಿ ಅವಳ ಕೈಯನ್ನು ಇನ್ನೊಂದು ಕೈ ಹಿಡಿದಿತ್ತು. ಬಿಸಿ ಕೈ. ಎಳೆಯಲಿಲ್ಲ, ಗದರಲಿಲ್ಲ, ಹಿಡಿದುಕೊಂಡಿತು, ಅಷ್ಟೇ.

ಎತ್ತಿದ ಕಾಲನ್ನು ಅವಳು ಅಲ್ಲೇ ಇಳಿಸಿದಳು. ಓ ಎನ್ನಬೇಕೆಂದಿದ್ದ ಬಾಯಿಂದ, "ವಿಠ್ಠಲಾ," ಎಂಬುದು ಬಂತು. ಮತ್ತೆ ಅದೇ, ಮತ್ತೆ ಅದೇ, ಅಳು ಬರುವತನಕ. ಅಪ್ಪ ಇದ್ದದ್ದು ವಿಠ್ಠಲನ ಪಾದದಲ್ಲಿ. ಈ ಕೆಸರು ನೀರಿನಲ್ಲಿ ಅಲ್ಲ. ಅದು ತಿಳಿದೇ ಇತ್ತು. ತಿಳಿದೂ ಓಗೊಡದೆ ನಿಲ್ಲುವುದು ಎಷ್ಟು ಕಷ್ಟ ಎಂಬುದು ಇಂದು ತಿಳಿಯಿತು. ನಿನ್ನೆ ಪ್ರಥಮೇಶ ಯಾಕೆ ತಿರುಗದೆ ನಿಂತ ಎಂಬುದೂ.

ಕಣ್ಣು ಒರೆಸಿಕೊಂಡು ಅವಳು ಹಿಡಿದ ಕೈಯನ್ನು ನೋಡಿದಳು.

"ನಾ ನಿಮ್ಮನ್ನ ಕರೀಲಿಲ್ಲಲ್ಲ."

"ಕರೆದಿದ್ರ ನಾ ಬರ್ತಿದ್ದಿಲ್ಲ ನೋಡು," ಎಂದ ಪ್ರಥಮೇಶ. ಅವಳಿಗೆ ಅವನು ಮೊದಲ ಸಲ ನೀನು ಎಂದಿದ್ದ. ಅವನ ಒಂದು ಹುಬ್ಬು ಮೇಲೇರಿತ್ತು.

ಅಳುವಿನ ನಡುವೆಯೇ ಸುಹಾಸಿನಿಗೆ ನಗು ಬಂತು. "ಹೂಂ," ಎಂದಳು. ಯಾವ ಮಾತಿಗೆ ಎಂದು ಅವನು ಕೇಳಲಿಲ್ಲ.

ಇಬ್ಬರೂ ದಂಡೆ ಹತ್ತಿದರು. ಹಿಂದೆ, ಮಂಜಿನ ಒಳಗೆ, ಯಾರೋ ಇನ್ನೂ ನೀರು ಕೇಳುತ್ತಿದ್ದರು.