ನಾಗನಾಥನ ಹಣೆಯ ವಿಭೂತಿ

೧೯೫೫ರ ಆಗಸ್ಟ್ ತಿಂಗಳು. ಎತ್ತುಗಳ ಪೋಳಾ ಹಬ್ಬ ಹತ್ತಿರ ಬಂದಿತ್ತು. ಬೆಳಿಗ್ಗೆ ಎಂಟು ಗಂಟೆಗೆ ನಿಲಂಗಾ ಠಾಣೆಯ ಮೆಟ್ಟಿಲೇರಿ ಬಂದ ಪ್ರಯಾಗಬಾಯಿ ಅಳುತ್ತಿರಲಿಲ್ಲ.

"ನನ್ನ ಗಂಡಗ ಗಾಡಿ ಹಾಯ್ದಿಲ್ಲರೀ ಸಾಹೇಬ್ರ. ಬರಕೋರಿ."

ಇನ್ಸ್‌ಪೆಕ್ಟರ್ ಮನ್ಮಥಪ್ಪ ಲೇಖನಿ ಎತ್ತಿಕೊಂಡರು. ಆಕೆಯ ಗಂಡ ನಾಗನಾಥ, ಬಸವಣ್ಣೆಪ್ಪ ಸಾಹುಕಾರರ ಅಂಗಡಿಯ ಹಮಾಲ. ದನಗಳ ಹಿಂಡಿ, ಹತ್ತಿಕಾಳು, ಜೊತೆಗೆ ಎತ್ತಿನ ಹಗ್ಗ, ಮೂಗುದಾಣ, ಗೆಜ್ಜೆಪಟ್ಟಿ ಮಾರುವ ಅಂಗಡಿ ಅದು. ಆ ದಿನ ನಸುಕಿನಲ್ಲಿ ಔರಾದ ರಸ್ತೆಯ ಹಳ್ಳದಲ್ಲಿ ಅವನ ಹೆಣ ಸಿಕ್ಕಿತ್ತು. ಯಾವುದೋ ಗಾಡಿ ಹಾಯ್ದಿದೆ ಎಂದು ಊರು ತೀರ್ಮಾನಿಸಿಬಿಟ್ಟಿತ್ತು. ಊರಿಗೇನು, ತೀರ್ಪು ಕೊಡಲು ಸಂಬಳ ಬೇಕೆ?

"ಹೊತ್ತ ಮುಣಗೂದರಾಗ ಮನಿಗಿ ಹೋಗ್ಯಾನ ಅಂತಾರ ಸಾಹುಕಾರ್ರು. ನಮ್ಮ ಮನಿ ಇರೂದು ಈ ಕಡಿ. ಅಂವಾ ಔರಾದ ರಸ್ತೇಕ ಯಾಕ ಹೋದ?"

ದಾರಿಯಲ್ಲಿ ಸತ್ತರೆ ಹಣೆಬರಹ. ಕೆಲಸದಲ್ಲಿ ಸತ್ತರೆ, ಹೊಸದಾಗಿ ಜಾರಿಯಾದ ಕಾಯ್ದೆಯ ಪ್ರಕಾರ, ಮಾಲೀಕ ಅವನ ಮನೆಯವರಿಗೆ ಪರಿಹಾರ ಕೊಡಬೇಕು. ಆಕೆಯ ಮಕ್ಕಳ ಅನ್ನ ಈ ಒಂದು ಪ್ರಶ್ನೆಗೆ ತಗುಲಿಕೊಂಡಿದೆ ಎಂಬುದು ಮನ್ಮಥಪ್ಪನವರಿಗೆ ಹೊಳೆಯಿತು. ಎಫ್‌ಐಆರ್ ದಾಖಲಾಯಿತು.

ಹಳ್ಳದಲ್ಲಿ ಪಂಚನಾಮೆ ನಡೆಯಿತು. ಎದೆ ಜಜ್ಜಿಹೋಗಿತ್ತು. ಆದರೆ ಬಟ್ಟೆಯ ಮೇಲೆ ಗಾಲಿಯ ಗುರುತಿಲ್ಲ, ನೆಲದ ಮೇಲೆ ರಕ್ತವಿಲ್ಲ. ಮುಚ್ಚಿದ್ದ ಎಡಗೈ ಬಿಡಿಸಿದ ಕಾನ್‌ಸ್ಟೇಬಲ್ ರಾಚಯ್ಯ ಗಕ್ಕನೆ ನಿಂತ. ಅಂಗೈಯಲ್ಲಿ ಇಷ್ಟಲಿಂಗವಿತ್ತು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಒಂಚೂರೂ ಅಳಿಸಿರಲಿಲ್ಲ.

"ಗಾಡಿ ಹಾಯ್ದಾಂವಗ ಇಷ್ಟೆಲ್ಲಾ ವ್ಯಾಳ್ಯಾ ಎಲ್ಲಿ ಸಿಕ್ತರೀ ಸಾಹೇಬ್ರ?"

"ತಾನು ಹಚಗೊಂಡಿಲ್ಲ ರಾಚಯ್ಯ. ಜೀವಾ ಹೋಗೂಮುಂದ ಬಾಜೂಕ ಕುಂತು ಯಾರೋ ಹಚ್ಯಾರ. ನಮ್ಮ ಲಿಂಗವಂತರ ಪೈಕಿ ಮಂದೀನೇ."

ಹೆಣ ಎಸೆಯುವವನು ವಿಭೂತಿ ಹಚ್ಚುವುದಿಲ್ಲ, ವಿಭೂತಿ ಹಚ್ಚುವವನು ಹೆಣ ಎಸೆಯುವುದಿಲ್ಲ. ಮನ್ಮಥಪ್ಪ ಅದನ್ನೇ ಯೋಚಿಸುತ್ತ ಅಂಗಡಿಗೆ ಬಂದರು. ಪ್ರಯಾಗಬಾಯಿಯೂ ಹಿಂದೆಯೇ ಬಂದಳು.

ಗೋಡೆಯ ಗೂಟಗಳಲ್ಲಿ ಹೊಸ ಹಗ್ಗಗಳು ತೂಗುತ್ತಿದ್ದವು. ಹತ್ತಿಕಾಳಿನ ಚೀಲಗಳನ್ನು ಸೊಂಟದೆತ್ತರಕ್ಕೆ ಒಪ್ಪವಾಗಿ ಥಪ್ಪಿ ಹಾಕಿ ಪೇರಿಸಲಾಗಿತ್ತು; ಗೋಡೆಯ ಮೇಲೆ ಚೀಲ ಉಜ್ಜಿದ ಗುರುತು ಮಾತ್ರ ಆಳೆತ್ತರಕ್ಕಿತ್ತು. ಬಸವಣ್ಣೆಪ್ಪ ಗಾದಿಯಿಂದ ಎದ್ದು ಬಂದವರೇ, "ನಮ್ಮ ಥಪ್ಪಿ ಎಂದೂ ಬಿದ್ದಿಲ್ಲರೀ ಸಾಹೇಬ್ರ!" ಎಂದರು.

ಥಪ್ಪಿಯ ಮಾತನ್ನು ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ. ಸಾಹುಕಾರರು ಕೂಗುವ ಮೊದಲೇ ಮುಟ್ಟಿ ನೋಡಿಕೊಂಡಿದ್ದರು. ರಾಚಯ್ಯ ಚೀಲಗಳನ್ನು ಸರಿಸಿದ. ಅಡಿಯಲ್ಲಿ ಒಂದು ಗೆಜ್ಜೆಪಟ್ಟಿ, ಮೇಲಿನಿಂದ ಭಾರ ಬಿದ್ದು, ರೊಟ್ಟಿಯ ಹಾಗೆ ಚಪ್ಪಟೆಯಾಗಿ ಬಿದ್ದಿತ್ತು.

ಮೂಲೆಯಲ್ಲಿ ಕಾಳು ಹಸನು ಮಾಡುತ್ತಿದ್ದ ಮಾಳಮ್ಮನ ಕೈಯಿಂದ ಮೊರ ಜಾರಿತು.

"ನಿನ್ನಿ ಸಂಜೀಕ ನೀ ಇಲ್ಲೇ ಇದ್ದೇನು?" ಮನ್ಮಥಪ್ಪ ಕೇಳಿದರು.

ಆಕೆ ಚೆಲ್ಲಿದ ಕಾಳು ಬಳಿಯತೊಡಗಿದಳು. ರಾಚಯ್ಯ ಗದರಿದ. "ಬಾಯಿ ಬಿಡ್ತಿಯೋ, ಠಾಣೇಕ ಒಯ್ಯಬೇಕೋ?"

ಪ್ರಯಾಗಬಾಯಿ ನಡುವೆ ಬಂದು ನಿಂತಳು. "ಆಕೀನ ಬಿಡ್ರಿ ಸಾಹೇಬ್ರ. ಇದೇ ಅಂಗಡ್ಯಾಗ ದುಡದು ಮೂರು ಕೂಸಿಗಿ ಉಣಸ್ತಾಳ. ನನ್ನ ಒಲಿ ಆರೇದ ಅಂತ ಆಕೀ ಒಲಿಗಿ ನೀರ ಹಾಕಬ್ಯಾಡ್ರಿ."

ಇರುವ ಒಬ್ಬಳೇ ಸಾಕ್ಷಿಯನ್ನು ಈ ಹೆಂಗಸು ಕೈಯಾರೆ ಬಿಟ್ಟುಕೊಡುತ್ತಿದ್ದಳು. ಇಷ್ಟು ವರ್ಷದ ಸೇವೆಯಲ್ಲಿ ಮನ್ಮಥಪ್ಪ ಇಂಥ ದೊಡ್ಡ ಮನಸ್ಸು ಕಂಡಿರಲಿಲ್ಲ. ಮಾಳಮ್ಮನನ್ನು ಬಿಟ್ಟು ಅವರು ಸಾಹುಕಾರರ ಕಡೆ ತಿರುಗಿದರು.

"ನಾಗನಾಥನ ಕೈಯಾಗ ಲಿಂಗ ಇಟ್ಟಾಂವನ ಪಾದಾ ಮುಟ್ಟಬೇಕು ಅಂದಕೊಂಡೀನ್ರಿ. ಅವನ್ನ ಹಳ್ಳದಾಗ ಒಗದಾಂವಗ ಬೇಡಿ ಹಾಕಬೇಕು. ಹೇಳ್ರಿ ಸಾಹುಕಾರ್ರ, ಯಾರು ಯಾರು?"

ಬಸವಣ್ಣೆಪ್ಪನವರ ಕೈ ತಮ್ಮ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು. ಅದನ್ನು ಹಿಡಿದು ಸುಳ್ಳು ಹೇಳಲು ಅವರಿಂದಾಗಲಿಲ್ಲ.

"ಎರಡೂ ನಾನೇರೀ."

ಪ್ರಯಾಗಬಾಯಿ ಅವರ ಎದುರಿಗೆ ಬಂದು ಕೇಳಿದಳು. "ಕಡೀಕ ಅಂವಾ ನೀರ ಕೇಳಿದ್ನೇನ್ರಿ? ಕುಡಿಸಿದ್ರೇನು?"

ಮೂಲೆಯಿಂದ ಮಾಳಮ್ಮ ಎದ್ದು ಬಂದಳು.

"ಕೇಳಿದ್ನಬೇ ಯಕ್ಕಾ. ನಾನೇ ತಂದು ಕುಡಿಸೀನಿ. ಇಲ್ಲೇ, ಈ ಥಪ್ಪಿ ಬುಡಕ. ಸಾಹೇಬ್ರ, ನನ್ನ ಹೆಸರ ಬರಕೋರಿ."

ಪ್ರಯಾಗಬಾಯಿ ಆಕೆಯನ್ನು ತಬ್ಬಿಕೊಂಡಳು. ಬೆಳಗಿನಿಂದ ತಡೆದಿದ್ದ ಅಳು ಆಗ ಬಂತು.

ಮನ್ಮಥಪ್ಪ ಬರೆದುಕೊಂಡರು: ಮೃತನಿಗೆ ಅಂಗಡಿಯೊಳಗೇ, ಬಿದ್ದ ಚೀಲಗಳ ಪಕ್ಕದಲ್ಲಿ, ಕೊನೆಯ ನೀರು ಕುಡಿಸಲಾಯಿತು. ಪರಿಹಾರದ ಅರ್ಜಿಗೆ ಅಷ್ಟು ಸಾಕಿತ್ತು. ಅಲಕ್ಷ್ಯದಿಂದ ಸಾವು, ಸಾಕ್ಷ್ಯ ನಾಶ ಎಂದು ನಮೂದಿಸಿ, ಮಧ್ಯಾಹ್ನ ಮೂರು ಗಂಟೆಗೆ ಬಸವಣ್ಣೆಪ್ಪನವರನ್ನು ಬಂಧಿಸಲಾಯಿತು.

ಠಾಣೆಯ ದಾರಿಯಲ್ಲಿ ಅವರು ತಾವಾಗಿ ಹೇಳಿದರು. ಪರಿಹಾರದ ಹಣ ಅವರಿಗೆ ಭಾರವಾಗಿರಲಿಲ್ಲ. ಹಿಂದಿನ ದಿನ ಬೆಳಿಗ್ಗೆ ನಾಗನಾಥ, ಥಪ್ಪಿ ವಾಲುತ್ತಿದೆ, ಕಟ್ಟಲು ಒಂದು ಹಗ್ಗ ಕೊಡಿ ಎಂದು ಗಿರಾಕಿಗಳ ಎದುರೇ ಕೇಳಿದ್ದ. ಹಬ್ಬದ ಮಾಲು ಮುಟ್ಟಬೇಡ ಎಂದು ಇವರು ನಕ್ಕಿದ್ದರು. ಆ ನಗುವನ್ನು ಊರು ಮರೆಯುವುದಿಲ್ಲವೆಂಬ ಹೆದರಿಕೆಗೆ ಹೆಣವನ್ನು ತಮ್ಮದೇ ಗಾಡಿಯಲ್ಲಿ ಸಾಗಿಸಿದ್ದರು.

"ಅಂಗಡಿ ತುಂಬ ಹಗ್ಗ ಇತ್ತರೀ," ಎಂದರು ಬಸವಣ್ಣೆಪ್ಪ.